ಹಿತ್ತಲ ಬಾಗಿಲಿನ ಕರೆ

...ಅಲ್ವೇ ಅಲ್ಲ ಪುಟ್ಟಿ, ನಿನ್ನ ತಪ್ಪಲ್ಲ! ಅದನ್ನ ಹೇಳೋಕೇ ಬೆಳಗಾಗ್ತಿದ್ದ ಹಾಗೆ ಓಡಿ ಬಂದೆ. ಹಿತ್ತಲ ಬಾಗಿಲಿಂದ್ಲೇ ಬಂದೆ, ತಂಗಿ ಮನೆಗೆ ಬರೋಕೆ ಗಂಟೆ ಬೇರೆ ಒತ್ತಬೇಕಾ? ಯಾಕೆ ನಗ್ತೀಯ? ಚಪ್ಪಲೀನಾ? ಅಯ್ಯೋ, ಒಂದು ನಂದು, ಒಂದು ನಿನ್ನ ಅತ್ತಿಗೇದು! ನಗು, ನಗು. ಎಷ್ಟು ದಿನ ಆಯ್ತು ನೀನು ನಕ್ಕು.

ನೋಡು, ಇವತ್ತು ಆಫೀಸಿನ ಮೀಟಿಂಗಲ್ಲಿ ನಮ್ಮ ಮ್ಯಾನೇಜರು ಎಷ್ಟೇ ಕೂಗಾಡಲಿ, ರಾಜೀನಾಮೆ ಗೀಜೀನಾಮೆ ಕೊಟ್ಟುಬಿಡಬೇಡ. ಏನು ಮಾಡಿದೀಯ ನೀನು? ಲಿಫ್ಟ್ ನಡೆಸೋ ಪ್ರೋಗ್ರಾಮು ನಿಧಾನ ಅಂತ ಕಂಪೈಲರಿನಲ್ಲಿ ಅದನ್ನ ಚುರುಕು ಮಾಡೋ ಆಪ್ಟಿಮೈಸೇಷನ್ ಸ್ವಿಚ್ಚು ಹಾಕಿದೆ. ಯಾರು ಹಾಕಲ್ಲ ಹೇಳು! ಪರೀಕ್ಷೆಯ ಟವರಿನಲ್ಲಿ ಲಿಫ್ಟು ಮಹಡಿಗಿಂತ ಮೊಣಕಾಲುದ್ದ ಕೆಳಗೆ ನಿಂತಿತು. ಮೆಕ್ಯಾನಿಕ್ ಪಾಪ ನೆಲ ಇದೆ ಅಂದ್ಕೊಂಡು ಕಾಲಿಟ್ಟ, ಬಿದ್ದ, ಪಾದ ಮುರೀತು... ಹೂಂ, ನಾನು ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ಬಾಗಿಲವರೆಗೂ ಹೋದೆ. ಒಳಗೆ... ಆಗ್ಲಿಲ್ಲ. ಆಮೇಲೆ ಸ್ವಿಚ್ಚು ತೆಗೆದರು, ಲಿಫ್ಟು ಸರಿಯಾಗಿ ನಿಂತಿತು, ಎಲ್ಲ ನಿನ್ನ ತಲೆಗೆ ಕಟ್ಟಿದರು. ಇದು ನ್ಯಾಯವಾ?

ಬಿಡಿಸಿ ಹೇಳ್ತೀನಿ, ಕೇಳು. ನಿನಗೆ ಗೊತ್ತು, ಗೊತ್ತು! ಆದರೂ ಮ್ಯಾನೇಜರಿಗೆ ಹೀಗೆ ಹೇಳಬೇಕು. ಕಂಪೈಲರು ಅಂದರೆ ನಾವು ಬರೆದದ್ದನ್ನ ಯಂತ್ರದ ಭಾಷೆಗೆ ತಿರುಗಿಸೋ ದುಭಾಷಿ, ಫಂಕ್ಷನ್ನು ಅಂದರೆ ಕರೆದಾಗ ಬಂದು ಒಂದು ಕೆಲಸ ಮಾಡಿಕೊಡೋ ತುಣುಕು. ಒಂದು ಫಂಕ್ಷನ್ನನ್ನು ಯಾರು ಬೇಕಾದರೂ ಕರೆಯಬಹುದು ಅಂತಿದ್ದರೆ ಕಂಪೈಲರು ಶಿಷ್ಟಾಚಾರ ಬಿಡೋದಿಲ್ಲ. ಕೊಡಬೇಕಾದ್ದನ್ನ ಮೆಮೊರಿಯಲ್ಲಿ ಎಲ್ಲರಿಗೂ ಗೊತ್ತಿರೋ ಜಾಗ, ಆ ಸ್ಟ್ಯಾಕಿನ ಮೇಲಿಡು, ಅವನು ಅಲ್ಲಿಂದ ಎತ್ಕೊಳ್ಳಲಿ. ನೆಂಟರಿಗೆ ಮೇಜಿನ ಮೇಲೆ ತಟ್ಟೆ ಇಟ್ಟ ಹಾಗೆ. ಅದೇ ಫಂಕ್ಷನ್ನಿಗೆ ‘ಸ್ಟ್ಯಾಟಿಕ್’ ಅಂತ ಒಂದು ಪದ ಹಚ್ಚಿಬಿಡು. ಇವನು ಈ ಫೈಲಿನವನೇ, ಹೊರಗಿನವರಾರೂ ಕರೆಯೋದಿಲ್ಲ ಅಂತ ಅರ್ಥ. ಮೇಲೆ ಸ್ವಿಚ್ಚೂ ಹಾಕಿದೆಯೋ, ಕಂಪೈಲರಿಗೆ ಸಲುಗೆ ಬಂದುಬಿಡುತ್ತೆ. ಕರೆಯೋರೆಲ್ಲ ಕಣ್ಣೆದುರೇ ಇದಾರಲ್ಲ, ಮೇಜು ಗೀಜು ಯಾಕೆ! ಪ್ರೊಸೆಸರಿನ ಅಂಗೈಯಂತಿರೋ ರಿಜಿಸ್ಟರಿನಲ್ಲಿಟ್ಟು ಕೈಯಿಂದ ಕೈಗೇ ದಾಟಿಸುತ್ತೆ. ನೀನು ನನಗೆ ಟೀ ಲೋಟ ಕೊಡೋ ಹಾಗೆ. ತಪ್ಪೇನಿಲ್ಲ, ಬೇಗ ಕೆಲಸ ಆಗುತ್ತೆ.

ಆದರೆ ಆ ಫೈಲಲ್ಲಿ ಒಂದು ಹಳೇ ಅಸೆಂಬ್ಲಿ ತುಣುಕು ಇತ್ತಲ್ಲ, ಯಾರೋ ನೇರ ಯಂತ್ರದ ಭಾಷೆಯಲ್ಲೇ ಕೈಯಾರೆ ಬರೆದದ್ದು... ಸರಿ ಸರಿ, ನಾನೇ ಬರೆದದ್ದು, ಊರಿಗೆಲ್ಲ ಗೊತ್ತು! ಕಂಪೈಲರು ಅದರೊಳಗೆ ಇಣುಕಿ ನೋಡೋದಿಲ್ಲ. ಅದು ಹಳೇ ನಂಬಿಕೆ ಮೇಲೆ, ಮಹಡಿಗೆ ಇನ್ನೆಷ್ಟು ದೂರ ಇದೆ ಅನ್ನೋದನ್ನ ಮೇಜಿನ ಮೇಲಿಟ್ಟು ಲಿಫ್ಟು ನಿಲ್ಲಿಸೋ ಫಂಕ್ಷನ್ನನ್ನ ಕರೀತು. ಫಂಕ್ಷನ್ನು ಮೇಜಿನ ಕಡೆ ತಿರುಗಿಯೂ ನೋಡ್ಲಿಲ್ಲ. ಕೈ ಚಾಚಿತು, ಸಿಕ್ಕ ಕಸವನ್ನೇ ದೂರ ಅಂದ್ಕೊಂಡಿತು. ಮುಗೀತು! ಬರೀ ನಿನ್ನ ಸ್ವಿಚ್ಚಿಂದ ಏನೂ ಆಗ್ತಿರ್ಲಿಲ್ಲ ಕಣೇ. ಅದಕ್ಕೆ ‘ಸ್ಟ್ಯಾಟಿಕ್’ ಅನ್ನೋ ಆ ಒಂದು ಪದ ಹಚ್ಚಿರದಿದ್ದರೆ...

ಯಾಕೆ ಹಾಗೆ ನೋಡ್ತೀಯ? ಯಾರು ಹಚ್ಚಿದರೋ, ನನಗೇನು ಗೊತ್ತು! ಕಂಪೈಲರು ಏನೋ ಎಚ್ಚರಿಕೆ ತೋರಿಸ್ತಿತ್ತು ಅಂತ ಚೊಕ್ಕ ಮಾಡೋಕೆ ಹೋಗಿರ್ತಾರೆ. ಒಳ್ಳೇ ಮನಸ್ಸಿಂದ್ಲೇ, ಪುಟ್ಟಿ. ಟವರಿನ ಕಂಪ್ಯೂಟರಲ್ಲಿ ನಿಂತ ನಿಲುವಿನಲ್ಲೇ ತಿದ್ದಿರ್ತಾರೆ, ತನ್ನ ಅಸೆಂಬ್ಲಿಯೇ ಅದನ್ನ ಕರೆಯುತ್ತೆ ಅನ್ನೋದು ಮರೆತು... ತನ್ನ ಅಂದರೆ... ನನ್ನ... ಮಾತು ಅಂದಮೇಲೆ ಅತ್ತಿತ್ತ ಆಗುತ್ತಪ್ಪ!

ಬೈಯೋದಿದ್ರೆ ಬೈದುಬಿಡೇ.

...ಇರು. ಇರು ಒಂದು ನಿಮಿಷ. ಆ ಫೈಲಿನಲ್ಲಿ ಈಗ ಆ ಪದವೇ ಇಲ್ಲ. ಮೆಕ್ಯಾನಿಕ್ಕನ್ನ ಎತ್ತಿ ಸಾಗಿಸ್ತಿದ್ದಾಗಲೇ ಅದು... ಹೋಯ್ತು. ಮ್ಯಾನೇಜರಿಗೆ ಕಂಡದ್ದು ನಿನ್ನ ಸ್ವಿಚ್ಚೊಂದೇ. ಹಾಗಿದ್ದ ಮೇಲೆ ನೀನು ‘ಯಾವ ಪದ ಅಣ್ಣಾ?’ ಅಂತ ಕೇಳಬೇಕಿತ್ತಲ್ಲ. ಆಗಲೇ ಕೇಳಬೇಕಿತ್ತು. ಕೇಳ್ಲಿಲ್ಲ ನೀನು.

ನೀನು ನೋಡಿಬಿಟ್ಟಿದ್ದೆ. ನಾನು ಅಳಿಸೋ ಮುಂಚೆಯೇ ನೋಡಿದ್ದೆ... ನೋಡಿಯೂ ಆವತ್ತು ಅಷ್ಟು ಜನರ ಮುಂದೆ ನೀನು ಬಾಯಿ ಬಿಡದೆ ಮ್ಯಾನೇಜರಿಂದ ಬೈಸಿಕೊಂಡು ನಿಂತಿದ್ದೆ. ನಾನು ಪಕ್ಕದ ಕುರ್ಚೀಲೇ ಕೂತಿದ್ದೆ...

ಎಲ್ಲಿಗೆ ಎದ್ದೆ? ಓ, ಟೀನಾ? ಕೊಡು, ಕೊಡು.

...ಮೇಜಿನ ಮೇಲ್ಯಾಕೆ ಇಟ್ಟೆ, ಪುಟ್ಟಿ? ನಾನು ಕೈ ಚಾಚ್ಕೊಂಡೇ ನಿಂತಿದೀನಲ್ಲ...