ಒಂದು ನಲವತ್ತಕ್ಕ ಬಂದಾಕಿ

ಊರಿನ ಹೆಸರು ಕೇಳಬ್ಯಾಡ್ರಿ. ಇಂಡಿ ತಾಲೂಕು, ತಾಂಬಾದ ಕಡಿ ಒಂದು ಊರು. ಅಷ್ಟು ಸಾಕು. ಯಾಕಂದ್ರ ಈ ಮಾತಿನಾಗ ಬರೋ ಮಂದಿ ಎಲ್ಲಾರೂ ಇನ್ನೂ ಅದಾರ... ಒಬ್ಬಾಕಿನ್ನ ಬಿಟ್ಟು.

ಸುನೀತಾ ನಮಗ ಸ್ವಾದರತ್ತಿ ಮಗಳು. ಆ ಊರ ದವಾಖಾನ್ಯಾಗ ನರ್ಸ್. ಗಂಡ ಸಿದ್ದರಾಯ ಬಸವನ ಬಾಗೇವಾಡಿ ಕಡಿ ಸಾಲಿ ಮಾಸ್ತರ, ಶನಿವಾರಕ್ಕೊಮ್ಮೆ ಬರ್ತಾನ. ಮನ್ಯಾಗ ಇರೋರು ಸುನೀತಾ, ಆಕಿ ಅತ್ತಿ ಕಾಶಿಬಾಯಿ, ಇಬ್ಬರೇ.

ಅವತ್ತು ಆಕಿದು ಸಂಜಿ ಪಾಳಿ. ಒಂದು ಹೆರಿಗಿ ಎಳಕೊಂಡು ಹೋಗಿ ರಾತ್ರಿ ಒಂದೂವರಿ ಆತು. ರಾತ್ರಿ ಪಾಳಿಯಾಕಿಗೆ ಎಲ್ಲಾ ಒಪ್ಪಿಸಿ ಸುನೀತಾ ಮನಿ ಹಾದಿ ಹಿಡಿದಳು. ಹತ್ತು ಮಿನಿಟಿನ ಹಾದಿ. ನಡುವ ಒಂದು ಹಳೇ ಬಾವಿ, ಸುತ್ತ ಜ್ವಾಳದ ಹೊಲ. ಗಾಳಿ ಇಲ್ಲ. ಆಕಿ ಚಪ್ಪಲಿ ಸಪ್ಪಳ ಅಷ್ಟೇ... ಚಟ್, ಚಟ್, ಚಟ್.

ಬಾವಿ ದಾಟಿದ ಮ್ಯಾಲ ಇನ್ನೊಂದು ಸಪ್ಪಳ ಕೂಡ್ತು. ಬರಿಗಾಲು ಮೆತ್ತನ ಧೂಳಿನ್ಯಾಗ ಇಟ್ಟಂಗ... ಪುಸ್... ಪುಸ್... ನಡಿಲಿಕ್ಕೆ ತ್ರಾಸ ಆದವರು ಹಗೂರಕ ಹೆಜ್ಜಿ ಇಡ್ತಾರಲ್ಲ, ಹಂಗ. ಸುನೀತಾ ನಿಂತಳು. ಅದೂ ನಿಂತಿತು. ಆಕಿ ಹಿಂದ ಹೊಳ್ಳಿ ನೋಡಲಿಲ್ಲ. ಓಡಲೂ ಇಲ್ಲ. ಮನಿ ಬಾಗಿಲ ತೆಗೆದು ಒಳಗ ಬಂದು ಚಿಲಕ ಹಾಕಿದಳು.

ಕಾಶಿಬಾಯಿ ಪಡಸಾಲ್ಯಾಗ ಮಲಗಿದ್ದಳು. ಒಳಗಿನ ಖೋಲ್ಯಾಗ ನೀಲಿ ಬೆಳಕು.

ಕಂಪ್ಯೂಟರ್ ಚಾಲೂ ಇತ್ತು. ದವಾಖಾನ್ಯಾಗ ನೆಟ್ ನಡಿಯೋದಿಲ್ಲಂತ ತಾಯಿ-ಕೂಸಿನ ದಾಖಲೆ ಎಲ್ಲಾ ಸುನೀತಾ ಮನ್ಯಾಗ ಕುಂತು ತುಂಬ್ತಿದ್ದಳು. ಆದ್ರ ಮಧ್ಯಾಹ್ನ ಬಂದ್ ಮಾಡಿ ಹೋಗಿದ್ದು ಆಕಿಗೆ ಪಕ್ಕಾ ನೆನಪಿತ್ತು. ಪರದೆ ಮ್ಯಾಲ ಒಂದೇ ಸಾಲು: ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.

ಮರುದಿನ ಇಂಡಿಯ ಜಹೀರನಿಗೆ ಫೋನ್ ಹಚ್ಚಿದಳು. ಕಂಪ್ಯೂಟರ್ ರಿಪೇರಿ ಮಾಡಾಂವ, ಈ ಡಬ್ಬಿ ಕೊಟ್ಟಾಂವನೂ ಅಂವನೇ. ಅಂವ ಹೇಳಿದ ಪ್ರಕಾರ, ಕಂಪ್ಯೂಟರಿಗೆ ತಂದೇ ಒಂದು ರೋಜನಾಮೆ ಇರ್ತೈತಿ. ಲಾಗ್ ಅಂತಾರ. ಯಾವಾಗ ಚಾಲೂ ಆತು, ಯಾರು ಒಳಗ ಬರಾಕ ನೋಡಿದ್ರು, ಏನು ತಪ್ಪಾತು, ಎಲ್ಲಾ ತಾನೇ ಬರಕೊಂಡು ಇಡ್ತೈತಿ. ಅದನ್ನ ಹೆಂಗ ತೆಗಿಯೋದಂತ ಫೋನಿನ್ಯಾಗ ಹೇಳಿಕೊಟ್ಟ. ಸುನೀತಾ ತೆಗೆದು ನೋಡಿದಳು.

ಒಂಬತ್ತು ದಿನದಿಂದ ಒಂದೇ ತಪ್ಪು. ದಿನಾ ರಾತ್ರಿ ಒಂದು ಮೂವತ್ತೆಂಟಕ್ಕ ಡಬ್ಬಿ ಚಾಲೂ. ಒಂದು ನಲವತ್ತಕ್ಕ ಯಾರೋ ಒಳಗ ಬರಾಕ ನೋಡ್ಯಾರ. ಆಗಿಲ್ಲ. ಹೆಸರಿನ ಜಾಗ ಖಾಲಿ. ಎರಡೂವರಿಗೆ ಡಬ್ಬಿ ಮತ್ತ ತಾನೇ ಬಂದ್.

ಹೊರಗಿಂದ ಯಾರರೆ ನೆಟ್ ಮ್ಯಾಲ ಕೈಯಾಡಿಸ್ತಾರೇನು ಅಂತ ಕೇಳಿದಳು. ಜಹೀರ ಆ ಸಾಲಿನ ಕೆಳಗ ಬರೆದ ಅಂಕಿ ಓದಸ್ದ. ಎರಡು ಅಂತ ಇತ್ತು. ಇನ್ನೊಮ್ಮೆ ಓದ್ರಿ ಅಂದ. ಆಮ್ಯಾಲ ಅಂದ:

"ಎರಡು ಅಂದ್ರ ನೆಟ್ ಅಲ್ಲರೀ ಸಿಸ್ಟರ್. ಅದರ ಮುಂದ ಕುಂತು ಕೀ ಒತ್ತ್ಯಾರ."

ಕಾಶಿಬಾಯಿನ್ನ ಕೇಳಿದಳು. ದಿನಾ ರಾತ್ರಿ ಕೀಲಿಮಣಿ ಸಪ್ಪಳ ಕೇಳ್ತೈತಿ, ನೀನೇ ಕೆಲಸ ಮಾಡಾಕತ್ತಿ ಅಂತ ತಿಳಿದಿದ್ದೆ, ಅಂದಳು ಅತ್ತಿ. ಸುನೀತಾ ದಿನಾ ಮಾಳಿಗಿ ಮ್ಯಾಲ ಮಲಗ್ತಿದ್ದಳು, ಆಕಿಗೆ ಏನೂ ಕೇಳಿರಲಿಲ್ಲ.

ಆ ರಾತ್ರಿ ಸುನೀತಾ ನೆಟ್ಟಿನ ವೈರ್ ಕಿತ್ತಿಟ್ಟಳು. ತಾನಾಗೇ ಚಾಲೂ ಆಗೋ ಸೌಲತ್ತು ಜಹೀರ ಹೇಳಿದಂಗ ತೆಗೆದಳು. ಬೆಳಿಗ್ಗೆ ನೋಡಿದ್ರ ಒಂದು ನಲವತ್ತರ ಸಾಲು ಇದ್ದೇ ಇತ್ತು. ಆದ್ರ ಹೆಸರಿನ ಜಾಗ ಖಾಲಿ ಇರಲಿಲ್ಲ. ಇಂಗ್ಲಿಷಿನ ಒಂದು ಅಕ್ಷರ... ಪಿ.

ಮರುದಿನ ಪಿ, ಎ.

ಅದರ ಮರುದಿನ ಪಾಸ್‌ವರ್ಡ್ ಬದಲಿ ಮಾಡಿದಳು, ಕೀಬೋರ್ಡೇ ಬಿಚ್ಚಿ ಕಬ್ಬಿಣದ ಕಪಾಟಿನಾಗಿಟ್ಟು ಕೀಲಿ ಹಾಕಿದಳು. ಕೀಲಿ ಸೆರಗಿಗೆ ಗಂಟು. ಬೆಳಿಗ್ಗೆ... ಪಿ, ಎ, ಎಲ್.

ಜಹೀರ ಖುದ್ದು ಬಂದ. ಡಬ್ಬಿ ಬಿಚ್ಚಿದ, ಒರೆಸಿದ, ಎಲ್ಲಾ ತಪಾಸ ಮಾಡಿದ. ಏನೂ ಕೆಟ್ಟಿಲ್ಲ ಅಂದ. ಚಾ ಕೊಟ್ರ ಕುಡೀಲಿಲ್ಲ, ಹೊತ್ತು ಮುಣುಗೋದ್ರಾಗ ಇಂಡಿ ಮುಟ್ಟಬೇಕಂತ ಹೊಂಟುಬಿಟ್ಟ.

ನಾಲ್ಕನೇ ಅಕ್ಷರನೂ ಎಲ್ ಬಂತು. ಪೂರಾ ಹೆಸರು ಯಾವುದಂತ ಅವತ್ತೇ ಸುನೀತಾಗ ತಿಳೀತು. ಯಾರಿಗೂ ಹೇಳಲಿಲ್ಲ. ಐದು, ಆರು... ದಿನಾ ಒಂದು ಅಕ್ಷರ ಬೆಳೀತು.

ಏಳನೇ ರಾತ್ರಿ ಅತ್ತಿನ್ನ ಬಗಲಾಗ ಕುಂಡ್ರಿಸಿಕೊಂಡು ಖೋಲ್ಯಾಗ ಕುಂತಳು. ದೀಪ ಹಚ್ಚಲಿಲ್ಲ. ಗಡಿಯಾರ ನೋಡ್ಕೋತ ಕುಂತರು.

ಒಂದು ಮೂವತ್ತೆಂಟು. ಗುಂಯ್ ಅಂತ ಡಬ್ಬಿ ಒಳಗಿನ ಪಂಖ ತಿರುಗಿತು. ಪರದೆ ಬೆಳಗಿತು.

ಒಂದು ನಲವತ್ತು.

ಕಪಾಟಿನ ಒಳಗಿಂದ... ಟಕ್.

ಪರದೆ ಮ್ಯಾಲ ಪಿ ಮೂಡಿತು.

ಟಕ್... ಟಕ್... ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದಂಗ. ಏಳು ಸಲ. ಆಮ್ಯಾಲ ಒಂದು ದಪ್ಪ ಸಪ್ಪಳ... ಠಪ್.

ಪಲ್ಲವಿ.

ಈ ಸಲ ತಪ್ಪು ಅಂತ ತೋರಿಸಲಿಲ್ಲ. ಅಕ್ಷರ ಮೂಡೋ ಜಾಗ ತೋರ್ಸೋ ಸಣ್ಣ ಗೆರಿ ಕೆಳಗಿನ ಖಾನ್ಯಾಗ ಹೋಗಿ ನಿಂತಿತು. ಪಾಸ್‌ವರ್ಡ್ ಕೇಳೋ ಖಾನಿ. ಅಲ್ಲೇ ಮಿಣುಕ್... ಮಿಣುಕ್... ಅಂತ ಕಾಯ್ಕೋತ ನಿಂತಿತು.

"ಯಾರವಾ ಅಕಿ?" ಕಾಶಿಬಾಯಿ ಪಿಸುಗುಟ್ಟಿದಳು.

ಸುನೀತಾ ಅವಾಗ ಬಾಯಿ ಬಿಟ್ಟಳು. ನಾಲ್ಕು ತಿಂಗಳ ಹಿಂದಿನ ಮಾತು. ಅವತ್ತು ಆಕಿದು ರಾತ್ರಿ ಪಾಳಿ. ದವಾಖಾನ್ಯಾಗ ಯಾರೂ ಇಲ್ಲಂತ ಹನ್ನೆರಡಕ್ಕ ಬಾಗಿಲಿಗೆ ಕೀಲಿ ಹಾಕಿ ಮನಿಗೆ ಬಂದಳು, ಅತ್ತಿಗೆ ಔಷಧ ಕೊಟ್ಟು ಹೊಳ್ಳಿ ಹೋದ್ರಾತು ಅಂತ. ಹಂಗೇ ನಿದ್ದಿ ಹತ್ತಿತು. ಒಂದು ನಲವತ್ತಕ್ಕ ಸಂಗು ಅನ್ನೋ ಕುರಿ ಕಾಯೋ ಹುಡುಗ ಹೆಂಡತಿನ್ನ ಮೋಟಾರ್ ಸೈಕಲ್ ಮ್ಯಾಲ ಕುಂಡ್ರಿಸಿಕೊಂಡು ಬಂದ. ಬಾಗಿಲು ಬಡದ. ಊರಾಗ ನರ್ಸಬಾಯಿ ಮನಿ ಯಾವುದಂತ ಕೇಳ್ಕೋತ ತಿರುಗಿದ. ಸುನೀತಾ ಬಂದು ಬಾಗಿಲು ತೆಗೆದಾಗ ಎರಡು ಐವತ್ತು. ಅಲ್ಲೀತನಕ ಅಂವನ ಹೆಂಡತಿ ಬ್ಯಾನಿ ತಿನ್ಕೋತ ಹೊರಗಿನ ಕಟ್ಟಿ ಮ್ಯಾಲೇ ಕುಂತಿದ್ದಳು. ಹೆಣ್ಣು ಕೂಸು ಉಳೀತು. ತಾಯಿಗೆ ರಕ್ತ ನಿಲ್ಲಲಿಲ್ಲ, ಇಂಡಿ ಮುಟ್ಟೂದ್ರಾಗ ಹೋದಳು. ಆಕಿ ಹೆಸರು ಪಲ್ಲವಿ.

ದಾಖಲೆದಾಗ ಸುನೀತಾ ಬರೆದಳು: ರೋಗಿ ಬಂದ ವ್ಯಾಳ್ಯಾ, ಎರಡು ಐವತ್ತು.

ಹಂಗ ಬರೆದದ್ದಕ್ಕ ತಪ್ಪು ಸಂಗುನ ತಲಿ ಮ್ಯಾಲ ಬಂತು. ಹೆಂಡತಿನ್ನ ತಡಾ ಮಾಡಿ ತಂದ ಅಂತ ಪಲ್ಲವಿ ತವರಿನ ಬೀಗರು ಕೂಸು ಕಸಗೊಂಡು ಹೋದರು. ಅಂವಗ ಕೂಸಿನ ಮಾರಿ ಸೈತ ತೋರಸ್ಲಿಲ್ಲ. ನಾನು ಒಂದು ನಲವತ್ತಕ್ಕೇ ಬಂದೀನಿ ಅಂತ ಅಂವ ಎಲ್ಲಾರ ಮುಂದೂ ಹೇಳಿದ. ಯಾರು ಕೇಳ್ತಾರ? ಕಾಗದದಾಗ ಬ್ಯಾರೇ ಇತ್ತು.

ಕಾಶಿಬಾಯಿ ಕಪಾಟಿನ ಕಡಿ ಹೊಳ್ಳಿ ನೋಡಿದಳು. ಪರದೆ ಮ್ಯಾಲಿನ ಗೆರಿ ಮಿಣುಕತಾನೇ ಇತ್ತು.

"ಖರೇ ಬರೆದ್ರ ನೌಕರಿ ಹೋಗ್ತೈತೇನು?" ಅಂದಳು.

"ಹೋಗಬಹುದ್ರಿ ಅತ್ತಿ."

"ಹೋಗ್ಲಿ. ಬಾಗಿಲ ತೆಗಿ ಆಕಿಗೆ."

ಸುನೀತಾ ಎದ್ದು ಕಪಾಟಿನ ಕೀಲಿ ತೆಗೆದಳು. ಕೀಬೋರ್ಡ್ ಕೈಯಾಗ ಹಿಡಿದ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಬೆರಳು ಎತ್ತಿದಂಗ. ಹಚ್ಚಿದಳು. ತನ್ನ ಪಾಸ್‌ವರ್ಡ್ ಹೊಡೆದಳು. ಪಲ್ಲವಿ ಅನ್ನೋ ಹೆಸರಿನ ಖಾತೆ ಆ ಡಬ್ಬ್ಯಾಗ ಇರಲೇ ಇಲ್ಲ... ಆದ್ರೂ ತೆರೀತು. ನೆಟ್ಟಿನ ವೈರ್ ಜೋಡಿಸಿ ದಾಖಲೆ ತೆಗೆದಳು. ಎರಡು ಐವತ್ತು ಅಳಿಸಿ ಒಂದು ನಲವತ್ತು ಅಂತ ಬರೆದಳು. ಷರಾ ಅನ್ನೋ ಖಾನ್ಯಾಗ, ನಾನು ಪಾಳಿ ಬಿಟ್ಟು ಮನಿಗೆ ಬಂದಿದ್ದೆ, ಅಂತ ತನ್ನ ಹೆಸರು ಹಾಕಿದಳು. ಕಳಿಸಿದಳು. ಅಷ್ಟೇ ಮಾಡಿದ್ದು. ಬ್ಯಾರೆ ಒಂದು ಖಾನಿನೂ ಮುಟ್ಟಲಿಲ್ಲ.

ಹಿಂದ ಬಾಗಿಲ ಕಡಿ ಒಂದು ಹೆಜ್ಜಿ... ಪುಸ್... ಅಂತ ಸರದಂಗಾತು. ಇಬ್ಬರೂ ಹೊಳ್ಳಿ ನೋಡಲಿಲ್ಲ.

ಅಲ್ಲಿಂದ ಮುಂದ ಲಾಗಿನಾಗ ಒಂದು ನಲವತ್ತರ ಸಾಲು ಬರಲಿಲ್ಲ. ನೌಕರಿ ಪೂರಾ ಹೋಗಲಿಲ್ಲ. ಆರು ತಿಂಗಳು ಮನ್ಯಾಗ ಕುಂಡ್ರಿಸಿದರು, ಆಮ್ಯಾಲ ಸಿಂದಗಿ ಕಡಿ ವರ್ಗ ಮಾಡಿದರು. ಸುನೀತಾ ತಾನೇ ಸಂಗುನ ಮನಿಗೆ ಹೋದಳು. ಅಂವ ಬಾಗಿಲದಾಗೇ ನಿಂತು ಎಲ್ಲಾ ಕೇಳಿದ. ಬೈಲಿಲ್ಲ. ಒಳಗ ಬಾ ಅಂತನೂ ಅನ್ನಲಿಲ್ಲ.

ವರ್ಗಕ್ಕಿಂತ ಮೊದಲು ವಿಚಾರಣಿಗೆ ಬಂದ ಸಾಹೇಬರು ಪ್ರಹ್ಲಾದರಾವ್ ಅಂತ. ಸಂಗುನ್ನ, ಬೀಗರನ್ನ, ಸುನೀತಾನ್ನ ಒಂದೇ ಖೋಲ್ಯಾಗ ಕುಂಡ್ರಿಸಿ ಆ ದಾಖಲೆ ಓದಿ ಹೇಳಿದರು. ವ್ಯಾಳ್ಯಾ ಓದಿದರು. ಷರಾ ಓದಿದರು. ಬೀಗರು ತಲಿ ಕೆಳಗ ಹಾಕಿದರು. ಆಮ್ಯಾಲ ಸಾಹೇಬರು ಚಸ್ಮಾ ಸರಿಪಡಿಸಿಕೊಂಡು ಕೇಳಿದರು, ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ ಅಂದ್ರಲ್ಲ, ಮತ್ತ ಇಲ್ಲಿ ಹೆಸರಿನ ಖಾನಿ ತುಂಬಿದವರ್ಯಾರು, ಅಂತ.

ಹೊಳೆವ್ವ ಅಂತ ಇತ್ತು.

ಸುನೀತಾ ತಾನು ಬರೆದಿಲ್ಲ ಅಂದಳು. ಸಂಗು ಎದ್ದು ನಿಂತ. ಪಲ್ಲವಿ ತವರುಮನಿ ತಂಗಡಗಿ, ಕೃಷ್ಣಾ ಹೊಳಿ ದಂಡಿ. ಹೆಣ್ಣಾದ್ರ ಹೊಳೆವ್ವ ಅಂತ ಇಡೋಣು ಅಂದಿದ್ದಳಂತ, ಒಂದಿನ ಕುರಿ ಹಿಂಡಿನ ಹಿಂದ ನಡಕೋತ. ಮುದುಕ್ಯಾರ ಹೆಸರದು ಅಂತ ಇಂವ ನಕ್ಕಿದ್ದ. ಅಲ್ಲಿ ಅವರಿಬ್ಬರು, ಕುರಿ, ಅಷ್ಟೇ. ಅಂವ ಯಾರಿಗೂ ಹೇಳಿರಲಿಲ್ಲ, ಆಣಿ ಮಾಡಿ ಹೇಳ್ತೀನಿ ಅಂದ.

ಸುನೀತಾ ಇದನ್ನ ನಮ್ಮ ಮನಿ ಕಟ್ಟಿ ಮ್ಯಾಲ ಕುಂತು ಹೇಳ್ಯಾಳ, ಕಾಶಿಬಾಯಿ ಬಗಲಾಗ ಕುಂತು ಹೂಂ ಅಂದಾಳ. ಇಲ್ಲದ್ದು ಕಟ್ಟಿ ಹೇಳೋ ಮಂದಿ ಅಲ್ಲ ಅವರು. ಕೂಸು ಈಗ ಅಪ್ಪನ ಹಂತ್ಯಾಕ ಐತಿ, ಅಂಗನವಾಡಿಗೆ ಹೊಕ್ಕೈತಿ. ಹಾಜರಿ ಪುಸ್ತಕದಾಗ ಏಳನೇ ಸಾಲು... ಹೊಳೆವ್ವ, ತಂದಿ ಸಂಗು.