ಹೊರಟು ನಿಂತವರ ಮೇಲಿನ ಸಿಟ್ಟು

ಅಧ್ಯಕ್ಷತೆ ವಹಿಸಿರುವ ಕಾಶೀನಾಥ ಸರ್ ಅವರೇ, ಇಂದು ಸನ್ಮಾನ ಸ್ವೀಕರಿಸಿದ ಡಾಕ್ಟರ್ ಲುಂಬಿನಿ ಅವರೇ, ವಾಡಿಯ ಬಿಸಿಲಿಗೆ ಅಂಜದೆ ಸೇಡಂ, ಚಿತ್ತಾಪುರಗಳಿಂದ ಬಂದಿರುವ ಸಭಿಕರೇ,

ಡಾಕ್ಟರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಅವರ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಅವರೆದುರು ಕುಳಿತು ವರ್ಷಗಟ್ಟಲೆ ನನ್ನ ಬಗ್ಗೆಯೇ ಮಾತಾಡಿದ್ದೇನೆ. ಮನೋವಿಶ್ಲೇಷಣೆ ಎಂದರೆ ಅದೇ. ಮಾತ್ರೆ ಇಲ್ಲ, ಸೂಜಿ ಇಲ್ಲ. ಹಾಗಾದರೆ ಏನಿದೆ? ಮಾತಿದೆ, ಅದನ್ನು ಕೇಳುವ ಕಿವಿ ಇದೆ.

ನನ್ನ ಗಂಡ ಸುರೇಶಕುಮಾರ ರೈಲು ಓಡಿಸುವವರು. ಅವರು ಡ್ಯೂಟಿಗೆ ಹೊರಟಾಗಲೆಲ್ಲ ನಾನು ಜಗಳ ತೆಗೆಯುತ್ತಿದ್ದೆ. ಟಿಫಿನ್ ಡಬ್ಬಿ ಮರೆತರೂ ಜಗಳ, ಮರೆಯದಿದ್ದರೂ ಜಗಳ. ಅವರು ಹಾಗೇ ಹೊರಟುಬಿಡುತ್ತಿದ್ದರು. ಕೊನೆಗೆ ಒಬ್ಬರೇ ಸೊಲ್ಲಾಪುರಕ್ಕೆ ವರ್ಗ ಮಾಡಿಸಿಕೊಳ್ಳುವ ಮಾತು ತೆಗೆದರು. ಆಗ ನಾನು ಲುಂಬಿನಿಯವರ ಬಳಿ ಹೋದೆ.

ತಿಂಗಳುಗಟ್ಟಲೆ ಗಂಡನನ್ನೇ ದೂರಿದೆ. ಒಮ್ಮೆ ಡಾಕ್ಟರು, ಮುಂದಿನ ವಾರ ತಮಗೆ ರಜೆ ಎಂದರು. ನಾನು ಬ್ಯಾಗು ಹೆಗಲಿಗೇರಿಸಿ ಎದ್ದುಬಿಟ್ಟೆ. "ಆರಾಮ ಹೋಗ್ರಿ. ನಾ ಇನ್ನ ಬರಂಗಿಲ್ಲ."

ಅವರು ಮೆಲ್ಲಗೆ ಕೇಳಿದರು: "ನಾ ಬಿಟ್ಟು ಹೋಗೂಕಿಂತ ಮೊದಲ ನೀವೇ ಬಿಟ್ಟು ಹೋಗಾಕತ್ತೀರೇನ್ರಿ? ಹಿಂದ ಯಾರು ನಿಮ್ಮನ್ನ ಹಿಂಗ ಬಿಟ್ಟು ಹೋಗಿದ್ರು?"

ನಾನು ಮತ್ತೆ ಕುಳಿತೆ. ನೆನಪಾದದ್ದು ತೆಂಗಳಿಯಲ್ಲಿದ್ದ ಅಜ್ಜಿಯ ಮನೆ. ನನ್ನವ್ವ ಅನಸುಬಾಯಿ, "ಸಂಜೀಕಿ ಬರ್ತೀನವ್ವ, ಆಡ್ಕೋತ ಇರು" ಎಂದು ಹೇಳಿ, ಚಿಕ್ಕವಳಿದ್ದ ನನ್ನನ್ನು ಅಲ್ಲಿ ಬಿಟ್ಟು ಮುಂಬೈಗೆ ಕೂಲಿಗೆ ಹೋದವಳು, ಎರಡು ಮಳೆಗಾಲ ಕಳೆದ ಮೇಲೆ ಬಂದಳು. ಹೊಟ್ಟೆಪಾಡು, ಪಾಪ, ಏನು ಮಾಡಿಯಾಳು? ಅವಳ ಮೇಲೆ ನನಗೆ ಸಿಟ್ಟಿಲ್ಲ, ಸಭಿಕರೇ. ಅಂದರೆ, ಇದೆ. ಸ್ವಲ್ಪ ಇದೆ. ನೋಡಿ, ಡಾಕ್ಟರು ನಗುತ್ತಿದ್ದಾರೆ.

ಅಂದು ಮನೆಗೆ ಬಂದು ಗಂಡನಿಗೆ ಹೇಳಿದೆ: "ಅದು ಸಿಟ್ಟಲ್ಲರಿ. ನೀವು ಹೊಂಟ್ರ, ತಿರುಗಿ ಬರಂಗಿಲ್ಲಂತ ನನಗ ಭಾಳ ಅಂಜಿಕಿ ಆಗ್ತದ."

ಅವರು ಕೈಯಲ್ಲಿದ್ದ ಟಿಫಿನ್ ಡಬ್ಬಿ ಕೆಳಗಿಟ್ಟರು. ಆಮೇಲೆ, "ನಾ ಮನ್ಯಾಗಿರೋದೇ ನಿನಗ ಬ್ಯಾಡಾಗೇದ ಅಂತ ತಿಳ್ಕೊಂಡಿದ್ದೆ ನೋಡು" ಎಂದರು. ಒಂದೇ ಮನೆಯಲ್ಲಿದ್ದು ಇಷ್ಟು ವರ್ಷ ಒಬ್ಬರನ್ನೊಬ್ಬರು ಎಷ್ಟು ತಪ್ಪಾಗಿ ತಿಳಿದಿದ್ದೆವು? ಸೊಲ್ಲಾಪುರದ ಮಾತು ಅಲ್ಲಿಗೆ ನಿಂತಿತು.

ಅಂಜಿಕೆ ಹೋಯಿತೇ? ಇಲ್ಲ. ಈಗ ಅದನ್ನು ಅಂಜಿಕೆ ಎಂದೇ ಹೇಳಲು ಬರುತ್ತದೆ. ಚಿಕಿತ್ಸೆಯಿಂದ ನನಗಾದ ಲಾಭ ಇಷ್ಟೇ, ಮತ್ತು ಇಷ್ಟು ಸಾಕು.

ಮೂರನೇ ಸಾಲಿನಿಂದ ನನ್ನ ಗಂಡ ಎದ್ದಿದ್ದಾರೆ, ಡ್ಯೂಟಿಯ ಹೊತ್ತಾಯಿತು. ಬಾಗಿಲಲ್ಲಿ ನಿಂತು ಇತ್ತ ನೋಡುತ್ತಿದ್ದಾರೆ. ಮೈಕಿನಲ್ಲಿ ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ: ಅಂಜಿಕಿ ಆಗಾಕತ್ತದ್ರಿ. ಹೋಗಿ ಬರ್ರಿ.

ಡಾಕ್ಟರಿಗೂ, ನನ್ನ ಮನೆಯ ಮಾತನ್ನು ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ ನಾನು ಋಣಿ. ನಮಸ್ಕಾರ.