ಮಂಚದ ಕೆಳಗಿನ ಸಿಲಿಂಡರ್‌ಗಳು

ಶ್ರೀಕಾರ್ಯಂನ ಗ್ಯಾಸ್ ಏಜೆನ್ಸಿಯ ಸಾಲಿನಲ್ಲಿ ಕನ್ನಡದವಳೇ ಆದ ಮಹತಿಯ ಮುಂದೆ ನಿಂತಿದ್ದ ಗಂಡ ಹೆಂಡತಿ, ಈ ಮಲಯಾಳಿ ಊರಲ್ಲಿ ಯಾರಿಗೆ ಕನ್ನಡ ಬರುತ್ತೆ ಎಂಬ ಧೈರ್ಯದಲ್ಲಿ ಮನೆಯೊಳಗಿನ ಮಾತನ್ನೆಲ್ಲ ಆಡಿಕೊಳ್ಳುತ್ತಿದ್ದರು.

"ಪೈಪ್ ಗ್ಯಾಸ್ ಮತ್ತೆ ಯಾವಾಗ ಬರುತ್ತಂತೆ?"

"ಕೊಚ್ಚಿಗೆ ಹಡಗು ಬಂದಮೇಲೆ. ಒಂದೇ ದೇಶ ನೆಚ್ಚಿಕೊಂಡ್ರೆ ಹೀಗೇ. ಇನ್ಮೇಲೆ ನಾಲ್ಕು ಕಡೆಯಿಂದ ತರಿಸ್ತಾರಂತೆ."

"ಅದಕ್ಕೇ ನೀವೂ ಮೂರು ಕಡೆಯಿಂದ ಸಿಲಿಂಡರ್ ತಂದು ಅತ್ತೆ ಮಂಚದ ಕೆಳಗೆ ತುಂಬಿದ್ದೀರಾ? ಸಾಲದು ಅಂತ ಈಗ ಇನ್ನೊಂದು."

"ಮೆಲ್ಲಗೆ ಕಣೇ. ಏಜೆನ್ಸಿಯವರಿಗೆ ಗೊತ್ತಾದ್ರೆ ಎಲ್ಲಾ ಎತ್ಕೊಂಡು ಹೋಗ್ತಾರೆ."

"ಬೆಳಿಗ್ಗೆ ವಾಸನೆ ಬರ್ತಿತ್ತು ರೀ."

"ಒಂದರ ವಾಷರ್ ಸರಿಯಿಲ್ಲ. ಕಿಟಕಿ ತೆಗೆದಿಟ್ಟು ಬಂದಿದ್ದೀನಲ್ಲ, ಏನೂ ಆಗಲ್ಲ."

"ಸೊಳ್ಳೆ ಬರುತ್ತೆ ಅಂತ ಅತ್ತೆ ಸಂಜೆ ಕಿಟಕಿ ಮುಚ್ಚಿಬಿಡ್ತಾರಲ್ಲ?"

ಅವನು ಜೇಬಿನಿಂದ ಫೋನ್ ತೆಗೆದ.

"ಮುಚ್ಚಿದ ಮೇಲೇ ಅವರು ದೀಪ ಹಚ್ಚೋದು," ಎಂದಳು ಅವಳು, ಸಣ್ಣ ದನಿಯಲ್ಲಿ.

ಅವನು ಫೋನ್ ಮಾಡಿದ. ಮತ್ತೆ ಮಾಡಿದ.

"ಅಮ್ಮ ಎತ್ತುತ್ತಿಲ್ಲ."

ಎದುರಿನ ಅಂಗಡಿಯವನು ಆಗಲೇ ಬಾಗಿಲಲ್ಲಿ ಸಂಜೆಯ ದೀಪ ಹಚ್ಚಿಡುತ್ತಿದ್ದ. ಅದನ್ನು ನೋಡಿದ್ದೇ ತಡ, ಇಬ್ಬರೂ ಸಾಲು ಬಿಟ್ಟು ಬಿದ್ದಂಬೀಳ ಓಡಿದರು.

ಮುಂದೆ ಜಾಗ ತೆರವಾಯಿತು. ಹಿಂದಿನವರು ಹೋಗಿ ಹೋಗಿ ಎಂದು ನೂಕಿದರೂ ಮಹತಿ ಮುಂದೆ ಹೆಜ್ಜೆಯಿಡಲಿಲ್ಲ. ಅವಳು ಅವರು ಓಡಿದ ದಿಕ್ಕಿಗೇ ಕಿವಿಗೊಟ್ಟು ನಿಂತಿದ್ದಳು.